ಐವತ್ತರ ಜೀಪು, ಇಪ್ಪತ್ತೈದರ ಜಿಪ್ಸಿ

ನಮ್ಮ ಮನೆಯ ಎರಡು ಗಾಡಿಗಳ ಆರ್‌ಸಿ (ನೋಂದಣಿ ಪತ್ರ) 2022ರ ಡಿಸೆಂಬರ್‌ನಲ್ಲಿ ಒಟ್ಟಿಗೇ ಮುಗಿಯುವುದಿತ್ತು. ಒಂದು, ಅಜ್ಜ 1972ರಲ್ಲಿ ತಂದ ಮಹೀಂದ್ರ ಪೆಟ್ರೋಲ್ ಜೀಪು. ಇನ್ನೊಂದು, ಅಪ್ಪ 1997ರಲ್ಲಿ ತಂದ ಮಾರುತಿ ಜಿಪ್ಸಿ ಕಿಂಗ್. ಇಬ್ಬರೂ ಡಿಸೆಂಬರ್ ಹೊತ್ತಿಗೆ ಬರುವ ನಮ್ಮ ಕೊಡಗಿನ ಸುಗ್ಗಿ, ಹುತ್ತರಿ ಹಬ್ಬದ ಆಸುಪಾಸಿನಲ್ಲೇ ಗಾಡಿ ತಂದವರು. ಖಾಸಗಿ ಗಾಡಿಗೆ ಮೊದಲು 15 ವರ್ಷ, ಆಮೇಲೆ ಐದೈದು ವರ್ಷ ನೋಂದಣಿ ಸಿಗುವುದರಿಂದ ಎರಡರ ಲೆಕ್ಕವೂ ಒಂದೇ ತಿಂಗಳಿಗೆ ಬಂದು ಕೂರುತ್ತದೆ. 2017ರಲ್ಲಿ ಇದು ಯಾರಿಗೂ ಭಾರವಾಗಿರಲಿಲ್ಲ, ಶುಲ್ಕ ಆರುನೂರು ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ ಅದು ಐದು ಸಾವಿರ ಆಯಿತು. ತಡ ಮಾಡಿದರೆ ತಿಂಗಳಿಗೆ ಐನೂರು ದಂಡ. ಇನ್ಶೂರೆನ್ಸ್, ಗ್ರೀನ್ ಟ್ಯಾಕ್ಸ್, ಟೈರು, ಬ್ಯಾಟರಿ ಎಲ್ಲ ಜೋಡಿಯಾಗಿ ಸೇರಿಸಿ ನೋಡಿದ ಅಪ್ಪ ಜಗಲಿಯಲ್ಲಿ ಕೂತು ತೀರ್ಪು ಕೊಟ್ಟರು: "ಎರಡು ಸಾಕಕ್ಕಾಗಲ್ಲ. ಒಂದನ್ನ ಇಟ್ಕೊ, ಒಂದನ್ನ ಕಳ್ಸು. ಯಾವುದು ಅಂತ ನೀನೇ ಹೇಳಮ್ಮ, ಓಡ್ಸೋಳು ನೀನು."

ತೋಟದೊಳಗೆ ಓಡಿಸುವ ಜೀಪಿಗೆ ಆರ್‌ಸಿ ಯಾಕೆ, ಹಾಗೇ ಇಟ್ಟುಕೊಳ್ಳಿ ಎಂದವರು ಬಹಳ ಜನ. ನಮ್ಮ ಕಡೆ ಇದೊಂದು ದೊಡ್ಡ ನಂಬಿಕೆ. ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ತೆಗೆದು ಓದಿದರೆ ಸಾರ್ವಜನಿಕ ಸ್ಥಳದಲ್ಲಾಗಲಿ ಬೇರೆ ಯಾವುದೇ ಸ್ಥಳದಲ್ಲಾಗಲಿ ನೋಂದಣಿಯಿಲ್ಲದ ಗಾಡಿ ಓಡಿಸಕೂಡದು ಅಂತಲೇ ಇದೆ. ಸ್ವಂತ ತೋಟವೂ 'ಬೇರೆ ಯಾವುದೇ ಸ್ಥಳ'ವೇ. ಕೂಲಿಯವರನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಇನ್ಶೂರೆನ್ಸ್ ಇಲ್ಲದೆ ಹೇಗೆ ಓಡಿಸುವುದು ಎನ್ನುವುದು ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ.

ಮಳೆಗಾಲದಿಂದ ಕೊಯ್ಲಿನವರೆಗೆ ಟೈಮ್ ಇತ್ತು. ಒಂದೇ ಕೆಲಸವನ್ನು ಒಮ್ಮೆ ಜೀಪಿನಲ್ಲಿ, ಒಮ್ಮೆ ಜಿಪ್ಸಿಯಲ್ಲಿ ಮಾಡಿ ನೋಡಿ ಆಮೇಲೆ ಹೇಳುತ್ತೇನೆ ಎಂದೆ.

ನಮ್ಮ ತೋಟ ಇರುವುದು ಸೋಮವಾರಪೇಟೆಯಿಂದ ಶಾಂತಳ್ಳಿ ದಾಟಿ ಪುಷ್ಪಗಿರಿಯ ಕಡೆಗೆ. ಬೆಟ್ಟದ ತುದಿ 1,712 ಮೀಟರ್. ನಾವು ಅದರ ಬುಡದಲ್ಲಿ, ಮೋಡ ಮೊದಲು ಬಂದು ಕೊನೆಗೆ ಹೋಗುವ ಜಾಗದಲ್ಲಿ. ಅರೇಬಿಕಾ, ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಕರಿಮೆಣಸು. ಮನೆಯಿಂದ ತೋಟದ ಕೆಳಗಿನ ಹೊಳೆಯವರೆಗೆ ಒಂದು ಮಣ್ಣಿನ ದಾರಿ ಇದೆ. ಅಜ್ಜ ಕಡಿಸಿದ ದಾರಿ. ಅಗಲ ಜೀಪಿನಷ್ಟೇ.

ಜೀಪಿನಲ್ಲಿ ನಮ್ಮ ಕಡೆ ಎರಡು ಜಾತಿ, ಲೋ ಬಾನೆಟ್ ಮತ್ತು ಹೈ ಬಾನೆಟ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಪ್ಲಾಂಟರುಗಳ ಕೈಗೆ ಬಂದವು ಲೋ ಬಾನೆಟ್. ನಮ್ಮದು ಹೈ ಬಾನೆಟ್, ಸಿಜೆ 3ಬಿ. ಅಮೆರಿಕದ ವಿಲ್ಲಿಸ್ 1953ರಲ್ಲಿ ತಂದ ಮಾದರಿ. ಮಹೀಂದ್ರದವರು ಲೈಸೆನ್ಸ್ ಪಡೆದು ಇಲ್ಲಿ ದಶಕಗಟ್ಟಲೆ ಮಾಡಿದರು. ಇದರ ಹರಿಕೇನ್ ಎಂಜಿನ್ನಿನಲ್ಲಿ ಪೆಟ್ರೋಲ್-ಗಾಳಿ ಒಳಗೆ ಬರುವ ವಾಲ್ವ್ ಹೆಡ್ಡಿನಲ್ಲಿ, ಹೊಗೆ ಹೊರಗೆ ಹೋಗುವ ವಾಲ್ವ್ ಬ್ಲಾಕಿನ ಪಕ್ಕದಲ್ಲಿ. ಹಾಗಾಗಿ ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚುವುದಕ್ಕೆ ಬಾನೆಟ್ಟನ್ನೂ ಎತ್ತರಿಸಿದರು. ಯಾರೂ ಚೆಂದಕ್ಕೆ ಮಾಡಿದ್ದಲ್ಲ. ಕೆಲವರು ಇದನ್ನು ಕುರೂಪಿ ಜೀಪು ಎನ್ನುತ್ತಾರೆ, ನನಗೇನೂ ಬೇಜಾರಿಲ್ಲ.

2.2 ಲೀಟರ್ ಎಂಜಿನ್, ಎಪ್ಪತ್ತು ಚಿಲ್ಲರೆ ಕುದುರೆ ಶಕ್ತಿ. ಆದರೆ ಆ ಸಂಖ್ಯೆಯಿಂದ ಜೀಪು ಅರ್ಥವಾಗುವುದಿಲ್ಲ. ಎಂಜಿನ್ ನಿಮಿಷಕ್ಕೆ ಬರೀ 2,000 ಸುತ್ತು ತಿರುಗುವಾಗಲೇ ಅದರ ಎಳೆತ ಪೂರ್ತಿ ಕೈಗೆ ಸಿಗುತ್ತದೆ. ಅಂದರೆ ಆಕ್ಸಿಲರೇಟರ್ ಮುಟ್ಟದೆಯೇ ಹೆಚ್ಚಿನ ಕೆಲಸ ಆಗಿಬಿಡುತ್ತದೆ.

ಜಿಪ್ಸಿಯದ್ದು ಇನ್ನೊಂದು ಕಾಲ. ಮಾರುತಿ ಇದನ್ನು 1985ರ ಡಿಸೆಂಬರ್‌ನಲ್ಲಿ ತಂದಾಗ ಅದರಲ್ಲಿದ್ದದ್ದು 970 ಸಿಸಿ ಎಂಜಿನ್. 1993ರಲ್ಲಿ ಗಾಲಿಗಳ ನಡುವಿನ ಅಗಲ ಹೆಚ್ಚಿಸಿದರು, 1996ರಲ್ಲಿ 1.3 ಲೀಟರ್ ಎಂಜಿನ್ ಹಾಕಿ ಕಿಂಗ್ ಎಂದು ಹೆಸರಿಟ್ಟರು. ಅಪ್ಪ ತಂದದ್ದು ಆ ಕಾರ್ಬುರೇಟರಿನ ಕಿಂಗ್. ತೂಕ ಒಂದು ಟನ್ನಿಗೂ ತುಸು ಕಮ್ಮಿ, ಐದು ಗೇರು, ಮುಂದೆ ಡಿಸ್ಕ್ ಬ್ರೇಕು. ಗಾಲಿಯಿಂದ ಗಾಲಿಗೆ ಜೀಪಿಗಿಂತ ಒಂದಡಿಗೂ ಹೆಚ್ಚು ಉದ್ದ.

ಎರಡು ಗಾಡಿಗೂ ದುಡ್ಡು ಕಾಫಿಯದ್ದೇ, ಆದರೆ ಎರಡು ಥರದ ದುಡ್ಡು. ಅಜ್ಜನ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೆ ಹಾಕಬೇಕು, ಹಣ ಕಂತು ಕಂತಾಗಿ ಬರುತ್ತಿತ್ತು. ಒಂದು ವರ್ಷದ ಕಾಫಿಯ ಕೊನೆಯ ಕಂತು ಮುಂದಿನ ವರ್ಷದ ಕೊಯ್ಲಾದ ಮೇಲೆ ಬಂದದ್ದೂ ಉಂಟಂತೆ. ಹಾಗೆ ಚೂರು ಚೂರು ಕೂಡಿಟ್ಟು ಜೀಪು. 1994ರಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸುಟ್ಟು ಇಲ್ಲಿ ದರ ಏರಿತು, 1996ಕ್ಕೆ ಪೂಲ್ ಪೂರ್ತಿ ಹೋಯಿತು. ಬೇಕಾದವರಿಗೆ ಮಾರಿ ಒಂದೇ ಸಲ ಕೈತುಂಬ ದುಡ್ಡು ನೋಡಿದ ಮೊದಲ ತಲೆಮಾರು ಅಪ್ಪನದ್ದು. ಆ ವರ್ಷಗಳಲ್ಲಿ ಸೋಮವಾರಪೇಟೆಯಲ್ಲಿ ಹೊಸ ಜಿಪ್ಸಿ ಕಾಣದ ವಾರ ಇರಲಿಲ್ಲ ಎನ್ನುತ್ತಾರೆ ಅಪ್ಪ. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು.

ಜುಲೈಯಲ್ಲಿ ಶುರು ಮಾಡಿದೆ. ಆ ತಿಂಗಳು ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ, ಕರೆಂಟು ಇರುವುದಿಲ್ಲ, ಜಿಗಣೆ ಬಿಟ್ಟು ಬೇರೆ ಯಾವುದೂ ಖುಷಿಯಾಗಿರುವುದಿಲ್ಲ.

ಜೀಪಿನಲ್ಲಿ ಕೂತರೆ ಎದುರಿಗೆ ಮೂರು ಕಡ್ಡಿ: ಗೇರಿಗೊಂದು, ಮುಂದಿನ ಆಕ್ಸಲ್ ಸೇರಿಸುವುದಕ್ಕೊಂದು, ಹೈ-ಲೋಗೆ, ಅಂದರೆ ಮಾಮೂಲಿ ಓಟವೋ ನಿಧಾನಕ್ಕೆ ಜೋರು ಎಳೆತವೋ ಎಂದು ಆರಿಸುವುದಕ್ಕೆ ಇನ್ನೊಂದು. ಗೇರು ಮೂರೇ. ಫಸ್ಟ್ ಗೇರಿಗೆ ಹಲ್ಲುಗಳ ವೇಗ ತಾನೇ ಹೊಂದಿಸುವ ಸಿಂಕ್ರೊಮೆಶ್ ಇಲ್ಲ, ಓಡುತ್ತಿರುವಾಗ ಹಾಕಿದರೆ ಹಲ್ಲು ಕಡಿಯುವ ಸದ್ದು ಪಕ್ಕದ ತೋಟಕ್ಕೆ ಕೇಳುತ್ತದೆ. ಡಬಲ್ ಕ್ಲಚ್ ಮಾಡಬೇಕು. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ಚೂರು ಆಕ್ಸಿಲರೇಟರ್, ಮತ್ತೆ ಕ್ಲಚ್ ಒತ್ತಿ ಫಸ್ಟು. ಇದನ್ನು ನನಗೆ ಅಜ್ಜ ಕಲಿಸಿದ್ದು. ಹೊಳೆಗೆ ಇಳಿಯುವ ಇಳಿಜಾರಿನಲ್ಲಿ ಮುಂದಿನ ಆಕ್ಸಲ್ ಸೇರಿಸಿ, ಲೋ ಹಾಕಿ, ಫಸ್ಟಿನಲ್ಲಿ ಬಿಟ್ಟು ಎರಡೂ ಕಾಲು ತೆಗೆದುಬಿಟ್ಟರೆ ಜೀಪು ತಾನೇ ತಾನಾಗಿ ಇಳಿಯುತ್ತದೆ. ಮನುಷ್ಯ ನಡೆಯುವುದಕ್ಕಿಂತ ನಿಧಾನ. ಬ್ರೇಕ್ ಮುಟ್ಟುವ ಹಾಗಿಲ್ಲ. ನಾಲ್ಕೂ ಡ್ರಮ್ ಬ್ರೇಕು, ನೀರಿನಲ್ಲಿ ನೆನೆದರೆ ಯಾವ ಗಾಲಿ ಮೊದಲು ಹಿಡಿಯುತ್ತದೆ ಎನ್ನುವುದು ಅದರ ಮರ್ಜಿ. ಸ್ಟೀರಿಂಗ್ ಕಾಲು ಸುತ್ತು ತಿರುಗಿಸಿದ ಮೇಲೆ ಗಾಲಿಗೆ ಸುದ್ದಿ ಮುಟ್ಟುತ್ತದೆ. ಇದನ್ನೆಲ್ಲ ತಿಳಿದು ಓಡಿಸುವವರಿಗೆ ಜೀಪು ಬಹಳ ಪ್ರಾಮಾಣಿಕ. ತಿಳಿಯದವರಿಗೆ ಕೊಡಬಾರದು.

ಅದೇ ಇಳಿಜಾರಿಗೆ ಜಿಪ್ಸಿ ತಂದೆ. ಮೊದಲು ಕೊಡೆ ಹಿಡಿದು ಇಳಿದು ಮುಂದಿನ ಎರಡೂ ಗಾಲಿಯ ಹಬ್ (ಗಾಲಿಯನ್ನು ಆಕ್ಸಲ್ಲಿಗೆ ಸೇರಿಸುವ ಭಾಗ) ತಿರುಗಿಸಿ ಲಾಕ್ ಮಾಡಬೇಕು, ಏಕೆಂದರೆ ಅಪ್ಪ ಕೈಯಲ್ಲಿ ತಿರುಗಿಸುವ ಹಬ್ ಹಾಕಿಸಿದ್ದಾರೆ. ಎರಡು ಜಿಗಣೆ ಅಲ್ಲೇ ಹತ್ತಿದವು. ಜಿಪ್ಸಿ ಸಲೀಸಾಗಿ ಇಳಿಯಿತು, ಸಲೀಸಾಗಿ ಹತ್ತಿತು. ಹಗುರ ಗಾಡಿ, ಕೆಸರಿನ ಮೇಲೆ ಹೂತುಕೊಳ್ಳದೆ ತೇಲಿಕೊಂಡೇ ಬರುತ್ತದೆ. ಆದರೆ ಹತ್ತುವಾಗ ಎಂಜಿನ್ನನ್ನು ಕೂಗಿಸಬೇಕು. ಸುತ್ತು ಇಳಿದರೆ ಶಕ್ತಿಯೂ ಇಳಿಯಿತು ಅಂತಲೇ ಲೆಕ್ಕ. ಜೀಪಿನಲ್ಲಿ ಕಲ್ಲಿನ ಮೇಲೆ ಗಾಲಿ ಇಟ್ಟು, ನಿಂತು, ಯೋಚಿಸಿ ಮುಂದೆ ಹೋಗಬಹುದು. ಜಿಪ್ಸಿಯಲ್ಲಿ ಯೋಚನೆ ಮೊದಲೇ ಮುಗಿಸಿಕೊಂಡು ಬರಬೇಕು. ಹೊಳೆಯ ಹತ್ತಿರ ಒಂದು ಹೇರ್‌ಪಿನ್ ಇದೆ. ಜೀಪು ಒಂದೇ ಸಲಕ್ಕೆ ತಿರುಗುತ್ತದೆ, ಜಿಪ್ಸಿ ಹಿಂದೆ ಮುಂದೆ ಮಾಡಬೇಕು. ಕೆಳಗೆ ಹೊಳೆ ಇರುವ ಜಾಗದಲ್ಲಿ ರಿವರ್ಸ್ ತೆಗೆಯುವುದು ನನಗಂತೂ ಇಷ್ಟದ ಕೆಲಸವಲ್ಲ.

ಪೇಟೆಗೆ ಹೋಗುವ ವಿಷಯದಲ್ಲಿ ಹೋಲಿಕೆಯೇ ಇಲ್ಲ. ಸೋಮವಾರಪೇಟೆಯ ಸೋಮವಾರದ ಸಂತೆಗೆ ಜೀಪಿನಲ್ಲಿ ಹೋಗಿ ಬಂದರೆ ಬೆನ್ನು, ಕಿವಿ, ಕೈ ಮೂರೂ ದಣಿಯುತ್ತವೆ. ಜಿಪ್ಸಿಯದ್ದೂ ಲೀಫ್ ಸ್ಪ್ರಿಂಗೇ, ಮುಂದೆಯೂ ಹಿಂದೆಯೂ. ಗುಂಡಿ ಬಿದ್ದ ರಸ್ತೆಯಲ್ಲಿ ಹಿಂದೆ ಅಡ್ಡ ಸೀಟಿನಲ್ಲಿ ಕೂತವರ ತಲೆ ಟಾಪಿಗೆ ತಾಗುತ್ತದೆ. ಆದರೂ ಅದು ಐದನೇ ಗೇರಿಗೆ ಬೀಳುತ್ತದೆ, ಬಸ್ಸನ್ನು ಹಿಂದೆ ಹಾಕುತ್ತದೆ, ಬ್ರೇಕ್ ಒತ್ತಿದರೆ ನಿಲ್ಲುತ್ತದೆ. ಅಮ್ಮನ ಅಭಿಪ್ರಾಯ ಕೇಳಿದೆ. "ಎರಡೂ ಸಾಮಾನು ಹೊರೋ ಗಾಡಿನೇ. ಒಂದರಲ್ಲಿ ಮನುಷ್ಯರನ್ನ ಸಾಮಾನಿನ ಥರ ಕೂರಿಸ್ಬಹುದು, ಇನ್ನೊಂದ್ರಲ್ಲಿ ಅದೂ ಆಗಲ್ಲ" ಎಂದರು. ಅವರು ನಾಲ್ಕು ವರ್ಷದಿಂದ ನನ್ನ ತಮ್ಮ ಬಿಟ್ಟುಹೋದ ಹಳೆ ಹ್ಯಾಚ್‌ಬ್ಯಾಕ್‌ನಲ್ಲೇ ಓಡಾಡುವುದು. ಆ ಮಾತನ್ನು ಆಗ ಅಷ್ಟಾಗಿ ತಲೆಗೆ ಹಾಕಿಕೊಂಡಿರಲಿಲ್ಲ.

ಮಡಿಕೇರಿಗೆ ಮಾದಾಪುರ, ಮಕ್ಕಂದೂರಿನ ಮೇಲೆ ಹೋಗುವ ದಾರಿಯಲ್ಲಿ ಇವತ್ತಿಗೂ ಗುಡ್ಡ ಜಾರಿದ ಗಾಯಗಳು ಕಾಣುತ್ತವೆ. 2018ರ ಆಗಸ್ಟಿನ ಮಳೆಯಲ್ಲಿ ಅಪ್ಪ ಜಿಪ್ಸಿ ತೆಗೆದುಕೊಂಡು ಹೋಗಿ ಆ ಕಡೆಯವರನ್ನು ಪರಿಹಾರ ಕೇಂದ್ರಕ್ಕೆ ಬಿಟ್ಟು ಬರುತ್ತಿದ್ದರು. ಎಲ್ಲಿಯವರೆಗೆ ದಾರಿ ಇತ್ತೋ ಅಲ್ಲಿಯವರೆಗೆ. ದಾರಿಯೇ ಬೆಟ್ಟದ ಜೊತೆ ಇಳಿದು ಹೋದ ಕಡೆ ಫೋರ್ ವೀಲ್ ಡ್ರೈವ್ ಎನ್ನುವುದಕ್ಕೆ ಅರ್ಥವಿಲ್ಲ, ಅಲ್ಲಿ ಜನ ಹಗ್ಗ ಹಿಡಿದು ನಡೆದರು. ಫೋರ್ ವೀಲ್ ಗಾಡಿ ಇದ್ದರೆ ಎಲ್ಲಿಗೆ ಬೇಕಾದರೂ ಹೋಗಬಹುದು ಎನ್ನುವ ಜಾಹೀರಾತಿನ ಮಾತು ಕೇಳಿದಾಗ ನಮಗೆ ಹೇಳಲು ಏನೂ ಇರುವುದಿಲ್ಲ.

ಮಳೆ ಸ್ವಲ್ಪ ಬಿಟ್ಟ ಮೇಲೆ ಎರಡನ್ನೂ ಕುಶಾಲನಗರದ ವರ್ಕ್‌ಶಾಪಿಗೆ ಒಯ್ದೆ. ಅಲ್ಲಿನ ಮೆಕ್ಯಾನಿಕ್ಕನ್ನು ನಾವೆಲ್ಲ ಕಾಕ ಎಂದೇ ಕರೆಯುವುದು. ಅವರಪ್ಪ ಅಜ್ಜನ ಜೀಪು ನೋಡಿಕೊಂಡವರು. ಕಾಕ ಜೀಪಿನ ಬಾನೆಟ್ ಎತ್ತಿ ಒಂದು ನಿಮಿಷ ಸುಮ್ಮನೆ ಕಿವಿ ಕೊಟ್ಟರು.

"ಪೆಟ್ರೋಲ್ ಪಂಪಿನ ಡಯಾಫ್ರಾಂ ಹೋಗಿದೆ."

"ಹೋದ ವರ್ಷ ಹಾಕಿದ್ದಲ್ವಾ ಕಾಕ?"

"ಈಗಿನ ಪೆಟ್ರೋಲಿಗೆ ಹಳೆ ರಬ್ಬರ್ ನಿಲ್ಲಲ್ಲ. ಎಥನಾಲ್ ಹಾಕ್ತಾರಲ್ಲ. ಇದು ಹುಟ್ಟಿದಾಗ ಕುಡ್ದದ್ದು ಸೀಸದ ಪೆಟ್ರೋಲು. ಈಗ ಕಬ್ಬಿನ ನೀರು ಕುಡಿ ಅಂದ್ರೆ ಹೇಗೆ?"

ಯೋಚಿಸಿದರೆ ಅದೂ ನಿಜವೇ. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಬಂತು. 2022ರ ಹೊತ್ತಿಗೆ ಹತ್ತು ಲೀಟರಿನಲ್ಲಿ ಒಂದು ಲೀಟರ್ ಎಥನಾಲ್. ಈಗ ಬಂಕಿನಲ್ಲಿ ಸಿಗುವುದು ಇಪ್ಪತ್ತರ ಮಿಶ್ರಣ. ಜೀಪು ಈ ಎಲ್ಲವನ್ನೂ ಕುಡಿದಿದೆ. ಡಯಾಫ್ರಾಂ ಬದಲಿಸಿದ್ದಕ್ಕೆ ಆದ ಖರ್ಚು ನಮ್ಮ ಮಧ್ಯಾಹ್ನದ ಊಟಕ್ಕಿಂತ ಕಮ್ಮಿ. ಮುಂದಿನ ಗಾಲಿ ತಿರುಗುವ ಕಿಂಗ್ ಪಿನ್ ಸವೆದಿತ್ತು, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಮುಂದಿನ ಆಕ್ಸಲ್ಲಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. "ತೊಟ್ಟಿಕ್ಕದಿದ್ರೆ ಆಗ ಹೇಳು, ಒಳಗೆ ಆಯಿಲ್ ಇಲ್ಲ ಅಂತ ಅರ್ಥ" ಎಂದರು ಕಾಕ. ಇದು ಜೀಪಿನವರೆಲ್ಲರ ಹಳೆ ಜೋಕು, ನಾನು ಪ್ರತಿ ಸಲವೂ ನಗಬೇಕು.

ಜಿಪ್ಸಿಯ ಎಂಜಿನ್ನಿನಲ್ಲಿ ಅವರಿಗೆ ಏನೂ ಸಿಗಲಿಲ್ಲ. ಕ್ಲಚ್ ಕೇಬಲ್ ಒಂದು, ಅಷ್ಟೇ. ಕಾಯಿಲೆ ಇದ್ದದ್ದು ತಗಡಿನಲ್ಲಿ. ಕಾರ್ಪೆಟ್ ಎತ್ತಿದರೆ ಡ್ರೈವರ್ ಕಾಲಿನ ಹತ್ತಿರ ನೆಲ ಕಾಣುತ್ತಿತ್ತು. ಗಾಡಿಯ ನೆಲವಲ್ಲ, ವರ್ಕ್‌ಶಾಪಿನ ನೆಲ. ಇಪ್ಪತ್ತೈದು ಮಳೆಗಾಲ ನೋಡಿದ ತೆಳು ತಗಡು. ಜೀಪಿನ ತಗಡು ದಪ್ಪ, ತುಕ್ಕು ಹಿಡಿದರೂ ತೂತಾಗುವುದಕ್ಕೆ ಇನ್ನೊಂದು ತಲೆಮಾರು ಬೇಕು. ತೂತಾದರೆ ಸಪಾಟು ತಗಡೊಂದನ್ನು ಕತ್ತರಿಸಿ ಬೆಸುಗೆ ಹಾಕಿದರೆ ಮುಗಿಯಿತು, ಎಲ್ಲೂ ಬಾಗು ಬಳುಕು ಇಲ್ಲ. ಜಿಪ್ಸಿಗೆ ಪ್ಯಾನೆಲ್ ಹುಡುಕಬೇಕು. ಕಂಪನಿ 2019ರಲ್ಲಿ ಜನಸಾಮಾನ್ಯರಿಗೆ ಜಿಪ್ಸಿ ಮಾರುವುದನ್ನು ನಿಲ್ಲಿಸಿದೆ. ಎಂಜಿನ್ ಸಾಮಾನು ಇನ್ನೂ ಸಿಗುತ್ತದೆ, ಬಾಡಿಯ ಕೆಲವು ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೇಳಿ ಕಾಯಬೇಕು. ಜೀಪಿನ ಸಾಮಾನಿಗೂ ಅದೇ ರಸ್ತೆ, ಆದರೆ ಅಲ್ಲಿ ಅದಕ್ಕೆ ಕಾಯುವುದು ಬೇಕಿಲ್ಲ. ಐವತ್ತು ವರ್ಷದ ಗಾಡಿಯ ಬಿಡಿಭಾಗ ಇಪ್ಪತ್ತೈದರದ್ದಕ್ಕಿಂತ ಬೇಗ ಸಿಗುತ್ತದೆ ಎನ್ನುವುದು ನನಗೆ ಹೊಸ ಪಾಠ.

ಪೆಟ್ರೋಲ್ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ, ಸಂಕಟವಾಗುತ್ತದೆ. ಜೀಪು ಲೀಟರಿಗೆ ಎಂಟು ದಾಟಿದ್ದೇ ಇಲ್ಲ. ಜಿಪ್ಸಿ ಹತ್ತು, ಮನಸ್ಸು ಚೆನ್ನಾಗಿದ್ದರೆ ಹನ್ನೊಂದು. ಲೀಟರಿಗೆ ನೂರು ರೂಪಾಯಿ ದಾಟಿದ ಮೇಲೆ ಇದನ್ನು ಅಪ್ಪನ ಎದುರು ಹೇಳದಿರುವುದು ಒಳ್ಳೆಯದು.

ಡಿಸೆಂಬರ್ ಬಂತು, ಹಣ್ಣು ಕುಯ್ಯುವುದು ಶುರುವಾಯಿತು. ಹಸಿ ಹಣ್ಣಿನ ಗೋಣಿ ಎಷ್ಟು ತೂಕ ಎನ್ನುವುದು ಹೊತ್ತವರಿಗೇ ಗೊತ್ತು. ಕೆಳಗಿನ ಬ್ಲಾಕಿನಿಂದ ಸಾಯಂಕಾಲ ಅದನ್ನು ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ತರಬೇಕು, ಅವತ್ತಿನದ್ದು ಅವತ್ತೇ. ಇಲ್ಲದಿದ್ದರೆ ಹಣ್ಣು ರಾತ್ರಿ ಬಿಸಿಯಾಗಿ ಹುಳಿ ಬರುತ್ತದೆ. ಜೀಪಿಗೆ ಟ್ರೇಲರ್ ಕಟ್ಟಿ ತಂದೆವು. ಜಿಪ್ಸಿಯ ಹಿಂದೆ ಸೀಟು ಮಡಚಿ ತುಂಬಿ ತಂದೆವು. ಜಿಪ್ಸಿ ಒಂದು ಲೋಡ್ ತರುವ ಹೊತ್ತಿಗೆ ಹಿಂಭಾಗ ಕುಳಿತು, ಮುಂಭಾಗ ಎದ್ದು, ಹೆಡ್‌ಲೈಟ್ ಸಿಲ್ವರ್ ಓಕಿನ ತುದಿ ತೋರಿಸುತ್ತಿತ್ತು. ನಮ್ಮ ರೈಟರ್ ಪುಸ್ತಕ ಹಿಡಿದು ಗೋಣಿ ಲೆಕ್ಕ ಬರೆದುಕೊಳ್ಳುತ್ತ ನಿಂತಿದ್ದವರು, "ಅಕ್ಕ, ಇದು ಸಾಹೇಬ್ರ ಗಾಡಿ. ಇದಕ್ಕೆ ಗೋಣಿ ಹೇರ್ಬೇಡಿ" ಎಂದರು. ಪಕ್ಕದ ತೋಟದ ಸುಬೇದಾರ್ ಮಾವ ಅದನ್ನು ಕೇಳಿಸಿಕೊಂಡು ಜಗಳಕ್ಕೇ ನಿಂತರು. ಅವರು ಮಿಲಿಟರಿಯಲ್ಲಿ ಜಿಪ್ಸಿ ಓಡಿಸಿದವರು, ಗಡಿಯ ಹಿಮದಲ್ಲಿ ಅದರ ಮೇಲೆ ಏನೇನು ಹೇರಿಕೊಂಡು ಹೋಗಿದ್ದರು ಎಂದು ಪಟ್ಟಿ ಕೊಟ್ಟರು. ನಮ್ಮ ಜಿಲ್ಲೆಯಲ್ಲಿ ಜಿಪ್ಸಿಯ ಬಗ್ಗೆ ಹಗುರವಾಗಿ ಮಾತಾಡುವ ಮೊದಲು ಸುತ್ತ ಯಾರಿದ್ದಾರೆ ನೋಡಿಕೊಳ್ಳಬೇಕು, ಮನೆಗೊಬ್ಬ ನಿವೃತ್ತ ಯೋಧರು.

ಆ ಸಾಯಂಕಾಲದ ಜಗಳದಲ್ಲೇ ನನಗೆ ವಿಷಯ ತಿಳಿಯಾದದ್ದು. ಸುಬೇದಾರ್ ಮಾವ ಹೇಳಿದ್ದು ಸುಳ್ಳಲ್ಲ, ಎಲ್ಲ ಲೆಕ್ಕದಲ್ಲೂ ಜಿಪ್ಸಿಯೇ ಒಳ್ಳೆಯ ಗಾಡಿ. ವೇಗ, ಬ್ರೇಕು, ಮೈಲೇಜು, ಸ್ಟಾರ್ಟಿಂಗು, ಬೆಳಿಗ್ಗೆ ಚಳಿಯಲ್ಲಿ ಒಂದೇ ಕೀಲಿಗೆ ಎದ್ದೇಳುವುದು. ಆದರೆ ಅಪ್ಪ ಜಿಪ್ಸಿ ತಂದದ್ದು ಯಾವ ದಾರಿಗೆ? ಮನೆಯಿಂದ ಶಾಂತಳ್ಳಿಗೆ, ಅಲ್ಲಿಂದ ಪೇಟೆಗೆ. 1997ರಲ್ಲಿ ಅದು ಅರ್ಧ ಟಾರು, ಅರ್ಧ ಕೆಸರು. ಮಳೆಗಾಲದಲ್ಲಿ ಕಾರು ಬರುತ್ತಿರಲಿಲ್ಲ, ಜೀಪಿನಲ್ಲಿ ಹೋದರೆ ಅರ್ಧ ದಿನ. ನನ್ನನ್ನು ಹಾಸ್ಟೆಲಿಗೆ ಬಿಡಲು, ಅಜ್ಜಿಯನ್ನು ಆಸ್ಪತ್ರೆಗೆ ಒಯ್ಯಲು ಬೇಕಾದದ್ದು ಕೆಸರೂ ದಾಟುವ, ಟಾರಿನಲ್ಲೂ ಓಡುವ ಗಾಡಿ. ಈಗ ನಮ್ಮ ಗೇಟಿನವರೆಗೆ ಕಾಂಕ್ರೀಟ್ ರಸ್ತೆ. ಅಮ್ಮ ಹ್ಯಾಚ್‌ಬ್ಯಾಕ್‌ನಲ್ಲಿ ಮಳೆಗಾಲ ಪೂರ್ತಿ ಓಡಾಡುತ್ತಾರೆ. ಜಿಪ್ಸಿಯ ದಾರಿ ಮುಗಿದುಹೋಗಿದೆ. ಜೀಪಿನ ದಾರಿ, ಅಜ್ಜ ಕಡಿಸಿದ್ದು, ಮನೆಯ ಹಿಂದಿನಿಂದ ಹೊಳೆಯವರೆಗೆ ಹಾಗೇ ಇದೆ. ಅದಕ್ಕೆ ಯಾರೂ ಕಾಂಕ್ರೀಟ್ ಹಾಕುವುದಿಲ್ಲ. ವರ್ಷದಲ್ಲಿ ಜಿಪ್ಸಿಯನ್ನು ನಾನು ಯಾವಾಗೆಲ್ಲ ತೆಗೆದೆ ಎಂದು ನೆನಪಿಸಿಕೊಂಡರೆ, ಬ್ಯಾಟರಿ ಇಳಿಯಬಾರದು ಎಂದು ಸ್ಟಾರ್ಟ್ ಮಾಡಿದ್ದೇ ಹೆಚ್ಚು.

ಕೆಟ್ಟ ಗಾಡಿ ಇಟ್ಟುಕೊಂಡು ಒಳ್ಳೆಯ ಗಾಡಿ ಮಾರುತ್ತೀಯಾ ಎಂದು ತಮ್ಮ ಫೋನಿನಲ್ಲಿ ಬೈದ. ಅವನಿಗೆ ಜಿಪ್ಸಿಯ ಮೇಲೆ ಆಸೆ. ಹಾಗಾದರೆ ಬೆಂಗಳೂರಿಗೆ ಒಯ್ಯಿ ಎಂದೆ. ಪಾರ್ಕ್ ಮಾಡಲು ಜಾಗವಿಲ್ಲವಂತೆ.

ಇನ್ನು ಕಾಗದದ ಕೆಲಸ. ಯೋಚನೆ ಮಾಡದೆ ಇದ್ದ ಒಂದು ದಾರಿ ಇಲ್ಲಿ ಎದುರಾಯಿತು. ಜೀಪಿಗೆ ಐವತ್ತು ತುಂಬಿದ್ದರಿಂದ ಅದು ವಿಂಟೇಜ್ ನೋಂದಣಿಗೆ ಅರ್ಹ. 2021ರ ಜುಲೈಯಲ್ಲಿ ಬಂದ ನಿಯಮ: ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಉಳಿದಿದ್ದರೆ ಇಪ್ಪತ್ತು ಸಾವಿರ ಕಟ್ಟಿ ಹತ್ತು ವರ್ಷಕ್ಕೆ ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ಪಕ್ಕ 'ವಿಎ' ಬರುತ್ತದೆ. ಅಪ್ಪನಿಗೆ ಅದು ಬಹಳ ಹಿಡಿಸಿತು, ಆ ಎರಡಕ್ಷರ ಮುಖ್ಯವಾಗಿ. ನಮ್ಮ ಜೀಪಿಗೆ ಡೀಸೆಲ್ ಎಂಜಿನ್ ಹಾಕಿಸದೆ ಉಳಿಸಿಕೊಂಡದ್ದಕ್ಕೆ ಈಗ ಬೆಲೆ ಬಂತು ಎಂದರು. ಎಂಬತ್ತು, ತೊಂಬತ್ತರ ದಶಕದಲ್ಲಿ ಸುತ್ತಲಿನ ಪೆಟ್ರೋಲ್ ಜೀಪುಗಳಿಗೆಲ್ಲ ಡೀಸೆಲ್ ಎಂಜಿನ್ ಕೂತಾಗ ಅಜ್ಜ ಮಾತ್ರ ಆ ಸದ್ದು ಸಹಿಸಲಾರೆ ಎಂದು ಬಿಟ್ಟಿದ್ದರು. ಆದರೆ ನಿಯಮದ ಇನ್ನೊಂದು ಸಾಲು ಓದಿದೆ. ವಿಂಟೇಜ್ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಂಥದ್ದಕ್ಕೆ ಬಿಟ್ಟರೆ ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ನಮ್ಮ ಜೀಪು ಕೂಲಿಯವರ ಲೈನ್ ಮನೆಗೆ ಹೋಗಲು ಪಂಚಾಯ್ತಿ ರಸ್ತೆ ದಾಟಬೇಕು, ಗೊಬ್ಬರ ತರಲು ಶಾಂತಳ್ಳಿಗೆ ಹೋಗಬೇಕು. ದುಡಿಯುವ ಜೀಪಿಗೆ ಪಿಂಚಣಿ ಬರೆಸಿದ ಹಾಗಾಗುತ್ತದೆ. ಅಪ್ಪ ಎರಡು ದಿನ ಮಾತಾಡಲಿಲ್ಲ, ಆಮೇಲೆ ಒಪ್ಪಿದರು.

ಹಾಗಾಗಿ ಮಾಮೂಲಿ ನವೀಕರಣದ ಫಾರ್ಮ್ 25. ಆರ್‌ಸಿ ಮುಗಿಯುವ ದಿನಕ್ಕೆ ಅರವತ್ತು ದಿನ ಮುಂಚಿನಿಂದ ಅರ್ಜಿ ಹಾಕಬಹುದು. ಆನ್‌ಲೈನಿನಲ್ಲಿ ಶುಲ್ಕ ಕಟ್ಟಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್ ಇಟ್ಟುಕೊಂಡು ಗಾಡಿಯನ್ನು ಮಡಿಕೇರಿಯ ಆರ್‌ಟಿಒಗೆ ಒಯ್ಯಬೇಕು.

ಹೊಗೆಯದ್ದು ಒಂದು ತಮಾಷೆ. ಭಾರತ್ ಸ್ಟೇಜ್ ಎನ್ನುವುದು ಹೊಗೆಗೆ ಸರ್ಕಾರ ಇಟ್ಟ ಮಾನದಂಡ, ಅದರ ಎರಡನೇ ಹಂತಕ್ಕಿಂತ ಹಿಂದಿನ ನಾಲ್ಕು ಚಕ್ರದ ಪೆಟ್ರೋಲ್ ಗಾಡಿಗಳಿಗೆಲ್ಲ ಒಂದೇ ಮಿತಿ: ಕಾರ್ಬನ್ ಮಾನಾಕ್ಸೈಡ್ ಶೇ. 3ರೊಳಗೆ, ಹೈಡ್ರೊಕಾರ್ಬನ್ 1,500 ಪಿಪಿಎಂ ಒಳಗೆ. ಕಾನೂನಿನ ಕಣ್ಣಿಗೆ ನಮ್ಮ ಜೀಪು, ಜಿಪ್ಸಿ ಒಂದೇ ವಯಸ್ಸಿನವು. ಜಿಪ್ಸಿ ಮೊದಲ ಸಲಕ್ಕೇ ಪಾಸು. ಜೀಪು ಹೊಗೆ ಕೇಂದ್ರದ ಹುಡುಗನ ಮುಖ ಕಪ್ಪಾಗುವ ಹಾಗೆ ಉಗುಳಿತು. ಕಾಕ ಫೋನಿನಲ್ಲೇ ಹೇಳಿಕೊಟ್ಟರು: ಕಾರ್ಬುರೇಟರಿನ ಐಡಲ್ ಮಿಕ್ಸ್ಚರ್ ಸ್ಕ್ರೂ ಸ್ವಲ್ಪ ಸ್ವಲ್ಪವೇ ಒಳಗೆ ತಿರುಗಿಸು, ಎಂಜಿನ್ ನಡುಗಲು ಶುರುವಾದಾಗ ಚೂರು ಹಿಂದೆ ಬಿಡು, ಏರ್ ಕ್ಲೀನರಿನ ಆಯಿಲ್ ಬದಲಿಸು. ಈ ಜೀಪಿನ ಏರ್ ಕ್ಲೀನರಿನಲ್ಲಿ ಕಾಗದದ ಫಿಲ್ಟರ್ ಇಲ್ಲ, ಒಂದು ಬೋಗುಣಿ ಆಯಿಲ್ ಇದೆ. ಧೂಳು ಅದರಲ್ಲಿ ಹೋಗಿ ಕೂರುತ್ತದೆ. ಅದನ್ನು ತೊಳೆದು ಹೊಸ ಆಯಿಲ್ ಹಾಕಿ ಒಯ್ದಾಗ ಪಾಸಾಯಿತು. ಒಂದು ಸ್ಕ್ರೂಡ್ರೈವರ್ ಮತ್ತು ಒಂದು ಫೋನಿನಲ್ಲಿ ಮುಗಿಯುವ ಇಂಥ ರಿಪೇರಿ ಅಮ್ಮನ ಕಾರಿನಲ್ಲಿ ಸಾಧ್ಯವಿಲ್ಲ.

ಆರ್‌ಟಿಒದಲ್ಲಿ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು. ಜೀಪಿನ ನಂಬರಿನ ಮೇಲೆ ಮೂರು ತಲೆಮಾರಿನ ಪೇಂಟು. ಅಜ್ಜನ ಕಡು ಹಸಿರು, ಅದರ ಮೇಲೆ ಯಾವುದೋ ಬೂದು, ಅದರ ಮೇಲೆ ಅಪ್ಪನ ಕೆಂಪು. ಹಿಂದಿನ ದಿನವೇ ಕೆರೆದು ಸ್ಯಾಂಡ್ ಪೇಪರ್ ಹಾಕಿ ಸಿದ್ಧ ಮಾಡಿಕೊಂಡಿದ್ದೆ. ಹಳೆ ಗಾಡಿ ಒಯ್ಯುವವರಿಗೆ ನನ್ನ ಸಲಹೆ ಇದೊಂದೇ, ಅಲ್ಲಿ ಹೋಗಿ ಕೆರೆಯಲು ಕೂರಬೇಡಿ. ಎಂಜಿನ್ ನಂಬರು ಮುಂಭಾಗದಲ್ಲಿ ನೀರಿನ ಪಂಪಿನ ಹತ್ತಿರ ಇರುತ್ತದೆ, ಗ್ರೀಸ್ ಒರೆಸಿದರೆ ಕಾಣುತ್ತದೆ. ಬ್ರೇಕ್ ಇನ್ಸ್‌ಪೆಕ್ಟರ್ ಚಿಕ್ಕ ವಯಸ್ಸಿನವರು. ಜಿಪ್ಸಿಯನ್ನು ಐದು ನಿಮಿಷದಲ್ಲಿ ಮುಗಿಸಿದರು. ಜೀಪಿನ ಹತ್ತಿರ ಬಂದು, "ಹ್ಯಾಂಡ್ ಬ್ರೇಕ್ ಯಾವ ಗಾಲಿಗೆ ಮೇಡಂ?" ಎಂದು ಕೇಳಿದರು. ಯಾವ ಗಾಲಿಗೂ ಅಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಒಂದೇ ಡ್ರಮ್ ಇದೆ, ಅದು ಶಾಫ್ಟನ್ನೇ ಹಿಡಿದು ನಿಲ್ಲಿಸುತ್ತದೆ ಎಂದೆ. ಬಗ್ಗಿ ನೋಡಿದರು. ಏರಿನಲ್ಲಿ ನಿಲ್ಲಿಸಿ ತೋರಿಸಿ ಎಂದರು, ಮಡಿಕೇರಿಯಲ್ಲಿ ಏರು ಹುಡುಕಬೇಕಾಗಿಲ್ಲ. ನಿಂತಿತು. ಆಮೇಲೆ ಅವರೇ ಹತ್ತಿ ಕೂತು ಮೂರೂ ಕಡ್ಡಿ ಯಾವುದು ಯಾವುದಕ್ಕೆ ಎಂದು ಕೇಳಿ ತಿಳಿದುಕೊಂಡರು. ತಪಾಸಣೆಗಿಂತ ಅದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಮಾರುವ ಜಿಪ್ಸಿಗೆ ಯಾಕೆ ನವೀಕರಣ ಎಂದು ಅಪ್ಪ ಕೇಳಿದ್ದರು. ಅವಧಿ ಮುಗಿದ ಆರ್‌ಸಿಯನ್ನು ಇನ್ನೊಬ್ಬರ ಹೆಸರಿಗೆ ಮಾಡಿಸುವುದು ಕಷ್ಟ, ತಗೊಳ್ಳುವವರೂ ಚೌಕಾಸಿಗೆ ಇಳಿಯುತ್ತಾರೆ. "ಅಂದ್ರೆ ಇಟ್ಕೊಳಕ್ಕೂ ಐದ್ ಸಾವಿರ, ಕಳ್ಸಕ್ಕೂ ಐದ್ ಸಾವಿರ. ನೀನು ಉಳಿಸಿದ್ದೇನು ಹಾಗಾದ್ರೆ?" ಎಂದರು. ಉತ್ತರ ಜಿಪ್ಸಿ ಮಾರಿದಾಗ ಸಿಕ್ಕಿತು. ಹೊಸದು ಬರುವುದು ನಿಂತ ಮೇಲೆ ಕಿಂಗ್‌ಗೆ ಬೇಡಿಕೆ ಏರಿದೆ, ಅದರಲ್ಲೂ ರ್‍ಯಾಲಿ ಓಡಿಸುವ ಹುಡುಗರಿಂದ. ನೆಲದ ತೂತು ತೋರಿಸಿಯೇ ರೇಟು ಹೇಳಿದೆ. ತೆಗೆದುಕೊಂಡವನು ವಿರಾಜಪೇಟೆಯ ಕಡೆಯವನು, ಜಿಲ್ಲೆಯೊಳಗೇ ಆದ್ದರಿಂದ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕಾಗಲಿಲ್ಲ, ಹೆಸರು ಬದಲಿಸುವ 29 ಮತ್ತು 30ನೇ ಫಾರ್ಮಿಗೆ ಅಪ್ಪ ಸಹಿ ಹಾಕಿದರು. ಬಂದ ಹಣ 1997ರಲ್ಲಿ ಕೊಟ್ಟದ್ದಕ್ಕಿಂತ ಬಹಳ ಕಮ್ಮಿಯೇನಲ್ಲ. ಅದರಲ್ಲಿ ಪಲ್ಪರಿನ ಮೋಟಾರು ಬದಲಿಸಿದೆವು, ಜೀಪಿಗೆ ಐದು ಟೈರು ಹಾಕಿಸಿದೆವು, ಉಳಿದದ್ದು ಬ್ಯಾಂಕಿಗೆ ಹೋಯಿತು.

ಜೀಪಿನ ಆರ್‌ಸಿ ಈಗ 2027ರ ಡಿಸೆಂಬರ್‌ವರೆಗೆ. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರು-ಜೀಪುಗಳ ನವೀಕರಣ ಶುಲ್ಕವನ್ನು ಹತ್ತು ಸಾವಿರಕ್ಕೆ ಏರಿಸಿದ್ದಾರೆ. ಸುದ್ದಿ ಓದಿದ ದಿನವೇ ಅಪ್ಪ ವಿಂಟೇಜ್ ಮಾತು ಮತ್ತೆ ತೆಗೆದರು. ಐದು ವರ್ಷಕ್ಕೆ ಹತ್ತು ಸಾವಿರ, ಹತ್ತು ವರ್ಷಕ್ಕೆ ಇಪ್ಪತ್ತು ಸಾವಿರ, ಲೆಕ್ಕ ಸಮ ಆಯಿತಲ್ಲ ಎನ್ನುತ್ತಾರೆ. ಗೊಬ್ಬರ ಹೊರುವವರು ಯಾರು ಎಂದು ಕೇಳಿದರೆ ಪೇಪರ್ ಮಡಚುತ್ತಾರೆ.